ಐದನೆಯ ಚೌಕ

ಹೋದ ವರ್ಷ ಜಮಖಂಡಿಯಲ್ಲಿ ನಾನು ಎದ್ದುಬಿಟ್ಟಿದ್ದೆ.
ಯಾರೂ ನನ್ನ ಬೆನ್ನು ಮುಟ್ಟಿರಲಿಲ್ಲ.
ಹಗ್ಗದಾಚೆ ನಿಂತ ಹುಡುಗನೊಬ್ಬ, ಬಾಯಿ ತುಂಬ ಶೇಂಗಾ,
'ಖೋ' ಅಂದಿದ್ದ, ಅಷ್ಟೇ.
ಸೀಟಿ. ಫೌಲ್.
ಆ ಸೀಟಿ ಬನಹಟ್ಟಿಯ ತನಕ
ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಕೂತು ಬಂತು.

ಹೊಸೂರ ಮಾಸ್ತರರು ಬೈಯಲಿಲ್ಲ.
ಮರುದಿನ ಪ್ರಾರ್ಥನೆ ಮುಗಿದ ಮೇಲೆ
ನನ್ನನ್ನು ಮೈದಾನದ ನಡುವೆ ಕೂಡಿಸಿ
ಇಡೀ ಸಾಲಿಗೆ ಹೇಳಿದರು: 'ಒದರ್ರಿ.'
ನಾನೂರು ಬಾಯಿ. ಖೋ ಖೋ ಖೋ.
ಗಂಟೆ ಬಾರಿಸುವ ಸಿಪಾಯಿಯೂ ಒದರಿದ.
ಹಲ್ಲು ಕಚ್ಚಿ ಕೂತೆ, ಕಣ್ಣು ಮುಚ್ಚಿ ಕೂತೆ,
ಹದಿನೇಳರ ಮಗ್ಗಿ ಹೇಳುತ್ತ ಕೂತೆ,
ಹದಿನೇಳೆಂಟಕ್ಕೆ ತಪ್ಪಿ
ಎದ್ದೆ.

'ಕಿವಿ ಮುಚ್ಚಾಕ ಹೋಗಬ್ಯಾಡ, ದಾನವ್ವ.
ಮುಚ್ಚಿದಷ್ಟೂ ಅದು ದೊಡ್ಡ ಬಾಗಲಾ ಆಗ್ತೈತಿ.
ಬರೂದೆಲ್ಲಾ ಬರಲಿ. ನಿನ್ನದು ಯಾ ಕಡಿಂದ ಬರ್ತೈತಿ,
ಅದೊಂದು ಹಿಡಿ.'
ತಿಳಿಯಲಿಲ್ಲ. ತಲೆಯಾಡಿಸಿದೆ.

ತಿಳಿದದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ.
ನಾಲ್ಕು ಪಾವರ್‌ಲೂಮು, ಮೇಲೆ ತಗಡು.
ಅಲ್ಲಿ ಮಾತಿಗೆ ಜಾಗವಿಲ್ಲ,
ಹುಟ್ಟಿದಾಗಿನಿಂದ ನಾವು ಕೈಸನ್ನೆಯವರು.
ಅವ್ವ ಬೆನ್ನು ತಿರುಗಿಸಿ ಕಂಡಿಕೆ ಆರಿಸುತ್ತಿದ್ದವಳು
ಒಮ್ಮೆಲೇ ಎದ್ದು
ಮೂರನೆಯ ಮಗ್ಗದ ಹಿಡಿಕೆ ಎಳೆದಳು.
ಎಳೆ ಹರಿದಿತ್ತು.
ಎರಡು ಸಾವಿರದಲ್ಲಿ ಒಂದು.
ಹೆಂಗ ಗೊತ್ತಾತು, ಎಂದು ಕೈ ತಿರುವಿದೆ.
ಕಿವಿ ತೋರಿಸುತ್ತಾಳೆ ಅಂದುಕೊಂಡಿದ್ದೆ.
ಅವಳು ತೋರಿಸಿದ್ದು
ಬಿರುಕು ಬಿಟ್ಟ ತನ್ನ ಹಿಮ್ಮಡಿ.

ಅಂದಿನಿಂದ ಶೆಡ್ಡಿನಲ್ಲೇ ಬರಿಗಾಲಲ್ಲಿ ಓದಿದೆ, ಉಂಡೆ.
ಒಂದು ತಿಂಗಳು ಏನೂ ಗೊತ್ತಾಗಲಿಲ್ಲ,
ಕಾಲು ಜೋಮು ಹಿಡಿದದ್ದು ಬಿಟ್ಟರೆ.

ಈ ವರ್ಷ ಮುಧೋಳ.
ಕೊನೆಯ ಒಂದೂವರೆ ನಿಮಿಷ,
ಸಮ ಮಾಡಲು ಎರಡು ಪಾಯಿಂಟು ಬೇಕು.
ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು:
'ಐದನೇ ಚೌಕದಾಕಿ ಏಳ್ತಾಳ, ಒದರ್ರಲೇ!'
ಎಡಗಾಲು ಮುಂದೆ, ಬೆರಳ ತುದಿ ಮಣ್ಣಿಗೆ.
ಖೋ. ಅದು ಬಾಯಿ.
ಖೋ. ಇದೂ ಬಾಯಿ.
ಪ್ರತಿ ಸಲ ತೊಡೆ ಜುಂ ಅಂದಿತು,
ಸುಳ್ಳು ಯಾಕೆ ಹೇಳಲಿ, ತೊಡೆಗೆ ಬುದ್ಧಿ ಬಂದಿಲ್ಲ.
ನಡುವೆ ಒಮ್ಮೆ ಮನಸ್ಸು ಎದ್ದು
ಜಮಖಂಡಿಯ ಹಗ್ಗದ ಹತ್ತಿರ ಹೋಗಿ ನಿಂತಿತು.
ಬೈದು ಕರೆಯಲಿಲ್ಲ.
ಹಿಮ್ಮಡಿಯ ಹತ್ತಿರ ಅದರ ಜಾಗ ಹಿಡಿದಿಟ್ಟೆ,
ತಿರುಗಿ ಬಂದು ಕೂತಿತು.

ಆಮೇಲೆ ಮಣ್ಣೊಳಗಿಂದ ಬಂತು
ರುಕ್ಸಾನಾಳ ಓಟ.
ಉಳುಕಿದ ಬಲಗಾಲು ಹಗುರ, ಎಡಗಾಲು ಭಾರ:
ತಟ್ ಧಪ್, ತಟ್ ಧಪ್.
ನೂರು ಮಗ್ಗದ ನಡುವೆ ಕುಂಟುವ ಒಂದು ಮಗ್ಗ.
ಹತ್ತಿರ. ಇನ್ನೂ ಹತ್ತಿರ.
ಏಳಬೇಡ.
ಅಂಗೈ. ಒದ್ದೆ, ಬಿಸಿ, ಬೆನ್ನೆಲುಬಿನ ಎಡಕ್ಕೆ.
ಖೋ ಎಂದು ಗಂಟಲು ಹರಿಯುವಂತೆ ಒದರಿದಳಂತೆ,
ನನಗೆ ಕೈ ಮಾತ್ರ ನೆನಪಿದೆ.
ಎರಡು ಹೆಜ್ಜೆ, ಮೂರನೆಯದು ಗಾಳಿಯಲ್ಲಿ,
ಮೊಣಕೈ ತುಂಬ ಮುಧೋಳದ ಮಣ್ಣು,
ಬೆರಳಿಗೆ ಆ ಹುಡುಗಿಯ ಜಡೆಯ ರಿಬ್ಬನ್ನು.
ಔಟ್.
ಇನ್ನೊಂದು ಬೇಕಿತ್ತು. ಸೀಟಿ ಊದಿತು.

ಮಾಸ್ತರರು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದರು,
ತಮ್ಮ ಗ್ಲಾಸನ್ನೂ ನನಗೇ ಕೊಟ್ಟರು. ಏನೂ ಹೇಳಲಿಲ್ಲ.

ಶೆಡ್ಡಿಗೆ ಬಂದಾಗ ದೀಪ ಹಚ್ಚುವ ಹೊತ್ತು.
ಅವ್ವ ಹುಬ್ಬೆತ್ತಿ ಕೇಳಿದಳು.
ಒಂದು ಬೆರಳು ಎತ್ತಿ, ಕೆಳಗೆ ಮಾಡಿದೆ:
ಒಂದರಿಂದ ಸೋತ್ವಿ.
ಅವಳು ಏನೋ ಹೇಳಲು ಕೈ ಎತ್ತಿದ್ದಳು,
ಎತ್ತಿದ ಕೈ ಹಾಗೇ ನಿಂತಿತು.
ಇಬ್ಬರೂ ಒಟ್ಟಿಗೇ ತಿರುಗಿದೆವು,
ನಾಲ್ಕನೆಯ ಮಗ್ಗದ ಕಡೆ.
ಹಿಡಿಕೆಗೆ ನನ್ನ ಕೈ
ಅವಳ ಕೈಗಿಂತ ಮೊದಲು ಮುಟ್ಟಿತು.